ಹೊಸ ಮಾದರಿಯ ಹಾಸಿಗೆಯೂ ನಮ್ಮವರ ನಿದ್ರೆಯೂ

ಮೆಮರಿ ಫೋಮ್ ಹೈಬ್ರಿಡ್ ಎಂಬ ಹೆಸರಿನ ಹಾಸಿಗೆಯ ಜಾಹೀರಾತು ಈಗ ಪುಣೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿಲ್ಲ. ನೂರು ರಾತ್ರಿ ಮಲಗಿ ನೋಡಿರಿ, ಒಪ್ಪಿಗೆಯಾಗದಿದ್ದರೆ ಹಣ ವಾಪಸು. ಹತ್ತು ವರ್ಷಗಳ ಗ್ಯಾರಂಟಿ. ಕೈಯಲ್ಲಿ ರೊಕ್ಕವಿಲ್ಲದಿದ್ದರೆ ತಿಂಗಳ ಕಂತು. ಬ್ಯಾಂಕು, ಕಚೇರಿ, ಕಾರಖಾನೆಗಳಲ್ಲಿ ಗುಮಾಸ್ತಿಕೆ ಮಾಡುವ ನಮ್ಮ ವಾಚಕರಲ್ಲಿ ಅನೇಕರಿಗೆ ಇದನ್ನು ಕೊಳ್ಳಬೇಕೋ ಬೇಡವೋ ಎಂಬ ಶಂಕೆ ಬಂದಿದೆ. ಪ್ರಶ್ನೆ ಕ್ಷುಲ್ಲಕವೆಂದು ನಾವು ಭಾವಿಸುವುದಿಲ್ಲ. ಮಿತವಾದ ಸಂಬಳದಲ್ಲಿ ಬಾಡಿಗೆ ಕೊಟ್ಟು, ಊರಿಗೆ ಹಣ ಕಳಿಸಿ, ಉಳಿದುದರಲ್ಲಿ ಸಂಸಾರ ತೂಗಿಸುವವನು ಒಂದು ಹಾಸಿಗೆಗೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿ ತೆರುವುದೆಂದರೆ ಅದು ಆಲೋಚಿಸಿ ಮಾಡತಕ್ಕ ಕಾರ್ಯವೇ ಸರಿ.

ಮೊದಲು ವಸ್ತುವೇನೆಂಬುದನ್ನು ತಿಳಿಯೋಣ. ಹೈಬ್ರಿಡ್ ಎಂದರೆ ಮಿಶ್ರ ಹಾಸಿಗೆ. ಕೆಳಗೆ ಉಕ್ಕಿನ ಸ್ಪ್ರಿಂಗುಗಳು. ಅವುಗಳ ಮೇಲೆ ಫೋಮಿನ ಪದರಗಳು. ಒಂದೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಬಟ್ಟೆಯ ಚೀಲದಲ್ಲಿ ಹೊಲಿದಿರುವುದರಿಂದ, ಒಬ್ಬರು ಮಗ್ಗುಲು ಬದಲಿಸಿದಾಗ ಪಕ್ಕದಲ್ಲಿ ಮಲಗಿದವರಿಗೆ ಅಲುಗಾಟ ತಟ್ಟುವುದು ಕಡಿಮೆ. ಈ ಚೀಲದ ಸ್ಪ್ರಿಂಗು ಹೊಸದೇನೂ ಅಲ್ಲ; 1900ರ ಸುಮಾರಿಗೆ ಕೆನಡಾದಲ್ಲಿದ್ದ ಜೇಮ್ಸ್ ಮಾರ್ಷಲ್ ಎಂಬವನು ಅದನ್ನು ಕಂಡುಹಿಡಿದನು. ಮೆಮರಿ ಫೋಮಿನ ಚರಿತ್ರೆ ಅದಕ್ಕಿಂತ ಈಚಿನದು. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರು ವಿಮಾನದ ಆಸನಗಳ ಮೆತ್ತೆಗೆಂದು ಇದನ್ನು ಸಿದ್ಧಪಡಿಸಿದನು. ಸ್ವೀಡನ್ನಿನ ಕಂಪನಿಯೊಂದು 1991ರಲ್ಲಿ ಅದನ್ನು ಹಾಸಿಗೆಯಾಗಿಸಿ ಪೇಟೆಗೆ ತಂದಿತು. ದೇಹದ ಶಾಖಕ್ಕೆ ಮೆದುವಾಗಿ, ಭಾರಕ್ಕೆ ತಕ್ಕಂತೆ ನಿಧಾನವಾಗಿ ತಗ್ಗಿ, ಎದ್ದ ಮೇಲೆ ಮೆಲ್ಲನೆ ಮೊದಲಿನ ರೂಪಕ್ಕೆ ಬರುವುದು ಇದರ ಗುಣ. ಇದಕ್ಕೆ ಸ್ಮರಣೆಯೆಂಬ ಹೆಸರು ಹೇಗೆ ಒಪ್ಪುವುದೋ ನಮಗೆ ತಿಳಿಯದು. ಮಲಗಿದವನ ಗುರುತನ್ನು ಬೇಗ ಮರೆಯುವ ಹಾಸಿಗೆಯೇ ಒಳ್ಳೆಯದು. ನೆನಪಿಟ್ಟುಕೊಂಡು ನಡುವೆ ಗುಂಡಿ ಬಿದ್ದರೆ ಅದು ಕೆಟ್ಟಿತೆಂದು ತಿಳಿಯತಕ್ಕದ್ದು.

ಸುಖದ ವಿಚಾರದಲ್ಲಿ ಈ ಹಾಸಿಗೆಯನ್ನು ನಾವು ತೆಗಳುವಂತಿಲ್ಲ. ಮಗ್ಗುಲಾಗಿ ಮಲಗುವವರಿಗೆ ಭುಜವೂ ಸೊಂಟವೂ ಒತ್ತುವುದಿಲ್ಲ. ಮೈಯಲ್ಲಿ ಮಾಂಸವಿಲ್ಲದೆ ಎಲುಬು ತಾಗುವ ವೃದ್ಧರಿಗೆ ಇದು ನಿಜವಾಗಿ ಹಿತ. ನಮ್ಮವರಲ್ಲಿ ಬೆನ್ನುನೋವೆಂದೊಡನೆ ನೆಲದ ಮೇಲೆ ಚಾಪೆ ಹಾಕಿ ಮಲಗು ಎಂದು ಹಿರಿಯರು ಹೇಳುವುದುಂಟು. ಈ ಮಾತನ್ನು ಪರೀಕ್ಷೆಗೆ ಹಚ್ಚಿ ನೋಡಿದವರಿದ್ದಾರೆ. ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಗೆ ಸ್ಪೇನ್ ದೇಶದ ವೈದ್ಯರು 90 ದಿನ ಗಟ್ಟಿ ಹಾಸಿಗೆ ಅಥವಾ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು ಫಲವನ್ನು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ನೋವು ಹೆಚ್ಚು ಕಡಿಮೆಯಾಗಿತ್ತು. ಆದುದರಿಂದ ಕಲ್ಲಿನಂತಹ ಹಾಸಿಗೆಯೇ ಬೆನ್ನಿಗೆ ಔಷಧವೆಂಬ ನಂಬಿಕೆಯನ್ನು ಬಿಡುವುದು ಲೇಸು. ಆದರೆ ಆ ವೈದ್ಯರು ಮಧ್ಯಮ ಗಟ್ಟಿ ಎಂದರೇ ಹೊರತು ಮೆಮರಿ ಫೋಮ್ ಎನ್ನಲಿಲ್ಲ. ಮಧ್ಯಮ ಗಟ್ಟಿತನ ನಾರಿನ ಹಾಸಿಗೆಯಲ್ಲೂ ಸಾಧಾರಣ ಫೋಮಿನಲ್ಲೂ ದೊರೆಯುತ್ತದೆ. ವ್ಯಾಪಾರಿಗಳು ಈ ಭೇದವನ್ನು ಹೇಳುವುದಿಲ್ಲ.

ಪುಣೆಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಇಲ್ಲಿ ಚಳಿ ಬಲವಾಗುತ್ತದೆ; ಶಾಖಕ್ಕೆ ಮೆದುವಾಗುವ ಫೋಮು ಚಳಿಗೆ ಬಿಗಿಯುವುದು ಸಹಜ. ಏಪ್ರಿಲ್ ತಿಂಗಳಿನಲ್ಲಿ ಇದೇ ಫೋಮು ಮೈಯ ಸೆಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ಸ್ಪ್ರಿಂಗುಗಳ ನಡುವೆ ಗಾಳಿಯಾಡುವುದರಿಂದ ಬರಿಯ ಫೋಮಿನ ಹಾಸಿಗೆಗಿಂತ ಮಿಶ್ರ ಹಾಸಿಗೆ ಈ ವಿಷಯದಲ್ಲಿ ಮೇಲೆಂಬುದು ದಿಟ. ಅಗ್ಗದ ಮಿಶ್ರ ಹಾಸಿಗೆಗಳಲ್ಲಿ ಮೆಮರಿ ಫೋಮು ಮೇಲ್ಗಡೆಯ ಒಂದಂಗುಲ ಮಾತ್ರ ಇರುವುದುಂಟು. ಉಳಿದುದೆಲ್ಲ ಸಾಮಾನ್ಯ ಫೋಮು. ಹೆಸರಿಗೆ ಕೊಟ್ಟ ಹಣ ಒಂದಂಗುಲದಲ್ಲಿ ಮುಗಿಯಿತು! ಮೆಮರಿ ಫೋಮು ಎಷ್ಟು ಅಂಗುಲ, ಒಂದು ಘನ ಮೀಟರಿಗೆ ಅದರ ತೂಕ ಎಷ್ಟು ಕಿಲೋ ಎಂದು ಅಂಗಡಿಯಲ್ಲಿ ಕೇಳಿರಿ. ಐವತ್ತು ಕಿಲೋಗಿಂತ ಬಹಳ ಕಡಿಮೆಯಿದ್ದರೆ ಬೇಗ ಕುಸಿಯುವ ಸಂಭವವಿದೆ. ಉತ್ತರ ಹೇಳಲಾರದ ಅಂಗಡಿಯವನಿಂದ ಕೊಳ್ಳದಿರುವುದು ಉತ್ತಮ.

ಇನ್ನು ಬೆಲೆಯ ಲೆಕ್ಕ. ಗುಮಾಸ್ತರಿಗೆ ಲೆಕ್ಕ ಕಲಿಸಲು ನಾವು ಹೊರಟಿಲ್ಲ. ಆದರೂ ಉದಾಹರಣೆಗೆಂದು ನೋಡಿರಿ. ಹದಿನೆಂಟು ಸಾವಿರದ ಮಿಶ್ರ ಹಾಸಿಗೆ ಹತ್ತು ವರ್ಷ ಬಾಳಿದರೆ ಒಂದು ರಾತ್ರಿಗೆ ಸುಮಾರು ಐದು ರೂಪಾಯಿ ಬಿತ್ತು. ಆರೇ ವರ್ಷಕ್ಕೆ ಕುಸಿದರೆ ಎಂಟು ರೂಪಾಯಿಯ ಮೇಲಾಯಿತು. ಏಳು ಸಾವಿರದ ನಾರಿನ ಹಾಸಿಗೆ ಏಳು ವರ್ಷ ಬಂದರೆ ರಾತ್ರಿಗೆ ಮೂರು ರೂಪಾಯಿಗಿಂತ ಕಡಿಮೆ. ನಾಲ್ಕು ಸಾವಿರದ ಹತ್ತಿ ಹಾಸಿಗೆಯನ್ನು ಮೂರು ವರ್ಷಕ್ಕೊಮ್ಮೆ ಎಂಟುನೂರು ಕೊಟ್ಟು ಹಿಂಜಿಸಿ ಹತ್ತು ವರ್ಷ ಬಳಸಿದರೆ ಎರಡು ರೂಪಾಯಿಯೂ ಆಗದು. ಎಂದಮೇಲೆ ಪ್ರಶ್ನೆ ಇಷ್ಟೇ: ರಾತ್ರಿಗೆ ಹೆಚ್ಚಾಗಿ ತೆರುವ ಎರಡು ಮೂರು ರೂಪಾಯಿಗೆ ತಕ್ಕ ಸುಖ ನಮಗೆ ಸಿಕ್ಕುವುದೇ? ಸ್ವಂತ ಮನೆಯಿದ್ದು, ಮಂಚವಿದ್ದು, ಸೊಂಟನೋವಿದ್ದವರಿಗೆ ಸಿಕ್ಕೀತು. ಅಂಥವರು ಧಾರಾಳವಾಗಿ ಕೊಳ್ಳಲಿ.

ಬಾಡಿಗೆ ಮನೆಯವರ ಮಾತು ಬೇರೆ. ಈ ಊರಿನಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿನದು. ಮಾಲಿಕನು ಮುಂದುವರಿಸದಿದ್ದರೆ ಟೆಂಪೋ ಹುಡುಕಬೇಕು. ಕೊರಿಯರಿನಲ್ಲಿ ಸುರುಳಿಯಾಗಿ ಬಂದ ಹಾಸಿಗೆ ಒಮ್ಮೆ ಉಬ್ಬಿತೆಂದರೆ ಮತ್ತೆ ಸುರುಳಿಯಾಗದು. ಮಡಿಚಿದರೆ ಸ್ಪ್ರಿಂಗು ಸೊಟ್ಟಗಾಗುತ್ತದೆ. ಮೂರನೆಯ ಮಾಳಿಗೆಯಿಂದ ಅದನ್ನು ಇಳಿಸಲು ನಾಲ್ಕು ಮಂದಿ ಬೇಕು. ಒಂದೇ ಖೋಲಿಯಲ್ಲಿ ಸಂಸಾರ ಮಾಡುವವರ ಕಷ್ಟವಂತೂ ಇನ್ನೂ ಹೆಚ್ಚಿನದು. ಹಗಲು ಅಡಿಗೆ, ಊಟ, ಮಕ್ಕಳ ಪಾಠ ನಡೆಯುವ ಜಾಗದಲ್ಲೇ ರಾತ್ರಿ ಹಾಸಿಗೆ ಬಿಚ್ಚಬೇಕು. ಬೆಳಿಗ್ಗೆ ಸುತ್ತಿ ಮೂಲೆಗಿಡಲು ಬರುವ ಹತ್ತಿ ಹಾಸಿಗೆ, ಮರಾಠಿಗರು ಹೇಳುವ ಗಾದಿ, ಇಲ್ಲಿ ಗೆಲ್ಲುತ್ತದೆ. ಅದನ್ನು ಬಿಸಿಲಿಗೆ ಹಾಕಬಹುದು. ಫೋಮನ್ನು ಬಿಸಿಲಿಗೆ ಹಾಕಿದರೆ ಹಳದಿಗಟ್ಟಿ ಪುಡಿಯಾಗುತ್ತದೆ. ನಾರಿನ ಹಾಸಿಗೆಯನ್ನೂ ನಮ್ಮವರು ಮರೆಯಬಾರದು. ರಬ್ಬರು ಸೇರಿಸಿದ ತೆಂಗಿನ ನಾರಿನ ಹಾಸಿಗೆಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಕರ್ಲಾನ್ ಸಂಸ್ಥೆಯನ್ನು 1962ರಲ್ಲಿ ಕಟ್ಟಿದವರು ನಮ್ಮ ಮಣಿಪಾಲದ ಪೈ ಮನೆತನದವರೇ. 2023ರಲ್ಲಿ ಅದು ಶೀಲಾ ಫೋಮ್ ಕಂಪನಿಯ ಕೈಸೇರಿತು. ಊರಿನ ಅಭಿಮಾನದಿಂದ ಯಾರೂ ಹಾಸಿಗೆ ಕೊಳ್ಳಬೇಕಾಗಿಲ್ಲ. ಗಾಳಿಯಾಡುವ, ಮಧ್ಯಮ ಗಟ್ಟಿಯ ವಸ್ತು ಕಡಿಮೆ ಬೆಲೆಗೆ ಇದೆಯೆಂದು ತಿಳಿದಿದ್ದರೆ ಸಾಕು.

ನೂರು ರಾತ್ರಿಯ ಪರೀಕ್ಷೆಯ ಷರತ್ತುಗಳನ್ನು ಓದದೆ ಹಣ ಕೊಡಬೇಡಿರಿ. ಹಾಸಿಗೆ ಹಿಂದೆ ಒಯ್ಯಲು ಕಂಪನಿಯ ಜನ ನಿಮ್ಮ ಪೇಟೆಗೆ ಬರುವರೋ, ಕಲೆ ಬಿದ್ದರೆ ಒಪ್ಪುವರೋ, ಎಷ್ಟು ಅಂಗುಲ ತಗ್ಗಿದರೆ ಗ್ಯಾರಂಟಿ ಅನ್ವಯಿಸುವುದೋ ಬರಹದಲ್ಲಿ ನೋಡಿರಿ. ಬಿಲ್ಲನ್ನು ಜೋಪಾನವಾಗಿಡಿರಿ. ಮೋಸವಾದರೆ 1915 ಎಂಬ ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕಂಪನಿ ಯಾವ ಊರಿನಲ್ಲೇ ಇರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡುವ ಹಕ್ಕು ನಿಮಗುಂಟು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.

ಇಷ್ಟೆಲ್ಲ ಬರೆದರೂ ನಮ್ಮ ವಾಚಕರಲ್ಲಿ ಬಹು ದೊಡ್ಡ ಪಾಲಿನವರಿಗೆ ಈ ಚರ್ಚೆಯೇ ತಗಲುವುದಿಲ್ಲವೆಂಬುದು ನಮಗೆ ಗೊತ್ತಿದೆ. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದು ಈ ನಗರದ ಹೋಟೆಲುಗಳಲ್ಲಿ ದುಡಿಯುವ ಮಾಣಿಗಳು, ಭಟ್ಟರು, ಕ್ಲೀನರ್ ಹುಡುಗರು ಹಾಸಿಗೆಯ ಜಾಹೀರಾತನ್ನು ಮೊಬೈಲಿನಲ್ಲಿ ನೋಡುತ್ತಾರೆ. ಅದನ್ನು ಹಾಸಲು ಅವರಿಗೆ ಸ್ಥಳವಿಲ್ಲ. ಕೊನೆಯ ಗಿರಾಕಿ ಹೋದ ಮೇಲೆ ಎರಡು ಮೇಜು ಜೋಡಿಸಿ, ಊರಿನಿಂದ ತಂದ ಕಂಬಳಿಯನ್ನೋ ಕೌದಿಯನ್ನೋ ಹಾಸಿ ಮಲಗಿದ ತಲೆಮಾರು ಇಲ್ಲಿ ಹೋಟೆಲು ಉದ್ಯಮವನ್ನು ಕಟ್ಟಿತು. ಅವರಲ್ಲಿ ಕೆಲವರು ಇಂದು ಧಣಿಗಳಾಗಿದ್ದಾರೆ. ಹಾಗೆ ಮಲಗಿಯೇ ನಾವು ಮೇಲೆ ಬಂದೆವು ಎಂದು ಅವರು ಹೆಮ್ಮೆಯಿಂದ ಹೇಳುವುದುಂಟು. ಆ ಹೆಮ್ಮೆ ಅವರಿಗೆ ಸಲ್ಲತಕ್ಕದ್ದೇ. ಆದರೆ ಈಗಿನ ಹುಡುಗನ ಬೆನ್ನಿಗೆ ಅದು ಹಾಸಿಗೆಯಾಗಲಾರದು. ಈಗಲೂ ಕೆಲವು ಕಡೆ ಹಿಟ್ಟಿನ ಡಬ್ಬಿಗಳ ಪಕ್ಕದಲ್ಲಿ, ಮಾಳಿಗೆಯ ತಗಡಿನ ಕೆಳಗೆ ಎಂಟು ಹತ್ತು ಮಂದಿ ಒತ್ತಾಗಿ ಮಲಗುತ್ತಾರೆ. ಹಗಲಿನ ಪಾಳಿಯವನು ಬಿಟ್ಟೆದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಉರುಳುತ್ತಾನೆ. ತಿಗಣೆಗಳಿಗೆ ಮಾತ್ರ ರಜೆಯಿಲ್ಲ.

ಇವರಿಗೆ ಕೊರತೆಯಾಗಿರುವುದು ಫೋಮಿನ ಅಂಗುಲವಲ್ಲ, ನಿದ್ರೆಯ ತಾಸು. ವಯಸ್ಕನಿಗೆ ದಿನಕ್ಕೆ ಏಳು ತಾಸಾದರೂ ನಿದ್ರೆ ಬೇಕೆಂದು ನಿದ್ರಾತಜ್ಞರು 2015ರಲ್ಲಿ ಒಮ್ಮತದಿಂದ ಹೇಳಿದ್ದಾರೆ. ರಾತ್ರಿ ಹನ್ನೊಂದೂವರೆಗೆ ಒಲೆ ಆರಿಸಿ ಬೆಳಿಗ್ಗೆ ಐದಕ್ಕೆ ಇಡ್ಲಿ ಬೇಯಿಸಲು ಏಳುವವನಿಗೆ ಐದೂವರೆ ತಾಸು ಉಳಿಯಿತು. ನಾಸಾದವರ ಹಾಸಿಗೆಯೂ ಅದನ್ನು ಏಳಾಗಿಸಲಾರದು. ರಾತ್ರಿ ಮುಚ್ಚಿದವನನ್ನೇ ಬೆಳಿಗ್ಗೆ ತೆರೆಯಲು ಎಬ್ಬಿಸಬಾರದೆಂಬ ಒಂದು ನಿಯಮವನ್ನು ಧಣಿಗಳು ಪಾಲಿಸಿದರೆ ಅರ್ಧ ಕಷ್ಟ ಪರಿಹಾರವಾದೀತು.

ಉಳಿದರ್ಧಕ್ಕೆ ತಗಲುವ ಖರ್ಚನ್ನು ನಾವೇ ಲೆಕ್ಕ ಹಾಕಿ ಅವರ ಮುಂದಿಡುತ್ತೇವೆ. ಇಪ್ಪತ್ತು ಮಂದಿ ಕೆಲಸಗಾರರಿರುವ ಹೋಟೆಲು. ತಲೆಗೊಂದರಂತೆ ನಾಲ್ಕಂಗುಲದ ನಾರಿನ ಅಥವಾ ಫೋಮಿನ ಹಾಸಿಗೆಗೆ ನಾಲ್ಕು ಸಾವಿರ; ಮುನ್ನೂರು ರೂಪಾಯಿಯಂತೆ ಎರಡೆರಡು ಹೊದಿಕೆ. ಒಟ್ಟು ತೊಂಬತ್ತೆರಡು ಸಾವಿರ. ನಾಲ್ಕೇ ವರ್ಷ ಬಾಳುವುದೆಂದು ಹಿಡಿದರೂ ಒಬ್ಬನಿಗೆ ಒಂದು ರಾತ್ರಿಗೆ ಮೂರು ರೂಪಾಯಿ ಚಿಲ್ಲರೆ. ಅದೇ ಹೋಟೆಲಿನ ಗಲ್ಲೆಯಲ್ಲಿ ಒಂದು ಲೋಟ ಕಾಫಿಗೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಸೂಲಾಗುತ್ತದೆ. ಒಬ್ಬನ ಹಾಸಿಗೆ ಇನ್ನೊಬ್ಬನ ಪಾಳಿಗೆ ಹೋಗದಂತೆ ಹೆಸರು ಬರೆದಿರಬೇಕು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಸಬೇಕು. ಹೋಟೆಲಿನ ಬಟ್ಟೆಗಳನ್ನು ಒಯ್ಯುವ ಲಾಂಡ್ರಿಯವನ ಗಂಟಿನಲ್ಲೇ ಅವನ್ನೂ ಹಾಕಿದರಾಯಿತು.