ಫೋನ್ ಡಾಕ್ಟರಿಗೆ ಕೊಟ್ಟ ದುಡ್ಡು ಯಾರ ಲೆಕ್ಕಕ್ಕೆ?

ಫೋನಿನಲ್ಲೇ ಡಾಕ್ಟರಿಗೆ ತೋರಿಸಿ ದುಡ್ಡು ಕಳಿಸಿದರೆ ನಮಗೆ ಬರುವುದು ಬ್ಯಾಂಕಿನ ಮೆಸೇಜು. ಅದು ಬಿಲ್ಲಲ್ಲ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೀಸು ಪಡೆದ ಡಾಕ್ಟರು ರಸೀದಿ ಕೊಡಬೇಕು, ಅದರಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಕೇಳಿ ಪಡೆಯಿರಿ, ಸಂಕೋಚ ಬೇಡ.

ಅದೇ ವರ್ಷ ಜೂನ್‌ನಲ್ಲಿ ವಿಮಾ ಪ್ರಾಧಿಕಾರ ಕಂಪನಿಗಳಿಗೆ ಹೇಳಿತು: ಪಾಲಿಸಿಯಲ್ಲಿ ಡಾಕ್ಟರ ಸಲಹೆಗೆ ಹಣ ಕೊಡುವುದಿದ್ದರೆ ಫೋನ್ ಸಲಹೆಗೂ ಕೊಡಿ. ಆ ‘ಇದ್ದರೆ’ ಬಗ್ಗೆಯೇ ನಮ್ಮ ತಕರಾರು. ಊರವರ ಕೈಯಲ್ಲಿರುವುದು ಆಯುಷ್ಮಾನ್ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಸರಿ. ಆದರೆ ಅದು ಆಸ್ಪತ್ರೆ ಸೇರುವವರಿಗೆ. ಬಿಪಿ, ಶುಗರಿನವರು ತಿಂಗಳಿಗೊಮ್ಮೆ ಖಾಸಗಿ ಡಾಕ್ಟರ ಜೊತೆ ಮಾತಾಡಿದ ಖರ್ಚು ಅವರದ್ದೇ. ಹಾಸಿಗೆ ಹಿಡಿದ ಮೇಲೆ ಬಾ ಅಂದಂತಾಯಿತು! ಸರ್ಕಾರದ ಇ-ಸಂಜೀವಿನಿ ಉಚಿತ, ಮೊದಲು ಅದನ್ನೇ ಬಳಸೋಣ. ಆದರೂ ಈ ಕಾರ್ಡಿಗೆ ಫೋನ್ ಸಲಹೆಯ ಫೀಸೂ ಸೇರಬೇಕು.