ಪರರ ಹೆಸರೆಂಬ ನಿಕ್ಷೇಪ

ನೆರೆಯವರು ಪರಸ್ಥಳಕ್ಕೆ ಹೋಗುವಾಗ ಮನೆಯ ಕೀಲಿಕೈಯನ್ನು ನಮ್ಮ ವಶಕ್ಕೆ ಕೊಟ್ಟು ಹೋಗುವದುಂಟು. ಅದನ್ನು ನಾವು ಗೂಟಕ್ಕೆ ತೂಗುಹಾಕಿ ಕಾಯುತ್ತೇವೆಯೇ ಹೊರತು ಸಂತೆಯಲ್ಲಿ ಎಲ್ಲರಿಗೂ ತೋರಿಸುತ್ತ ತಿರುಗುವದಿಲ್ಲ. ಇಷ್ಟು ವಿವೇಕವು ಓದುಬರಹವನ್ನರಿಯದವರಲ್ಲಿಯೂ ಇದೆ. ಆದರೆ ಅದೇ ನೆರೆಯವರು ತಮ್ಮ ದೂರವಾಣಿಯ ಸಂಖ್ಯೆಯನ್ನು ನಮಗೆ ಕೊಟ್ಟಾಗ ಅದನ್ನು ಹೇಗೆ ಕಾಯುತ್ತೇವೆ? ಈ ಪ್ರಶ್ನೆಯು ನನಗೆ ಹೊಳೆದದ್ದು ಅರವತ್ತರ ವಯಸ್ಸಿನಲ್ಲಿ. ಅದೂ ತಪ್ಪು ಮಾಡಿದ ತರುವಾಯ. ಆ ತಪ್ಪನ್ನು ವಾಚಕರ ಮುಂದಿಡುವದೇ ಈ ತಿಂಗಳಿನ ಮಾತು.

ನಮ್ಮ ತಾಂಬಾ ಗ್ರಾಮವು ಇಂಡಿ ತಾಲೂಕಿನದು. ನಿಂಬೆಯ ಬೆಳೆಗೆ ಹೆಸರಾದ ಸೀಮೆಯದು. ನಮ್ಮ ಓಣಿಯಲ್ಲಿ ನಿಂಬೆಯ ವ್ಯಾಪಾರಿಗಳೊಬ್ಬರಿದ್ದರು. ಅವರು ತೀರಿಕೊಂಡು ಎರಡು ವರುಷಗಳಾದವು. ಮಕ್ಕಳು ಪುಣೆಯಲ್ಲಿ ಉದ್ಯೋಗದಲ್ಲಿದ್ದಾರೆ. ಮನೆಯಲ್ಲಿ ಅವರ ಪತ್ನಿಯೊಬ್ಬರೇ ಇರುವರು. ಗಂಡನ ಮೊಬೈಲನ್ನೇ ಅವರು ಇಟ್ಟುಕೊಂಡಿದ್ದಾರೆ. ಒಂದು ಮುಂಜಾವಿನಲ್ಲಿ ಆ ತಾಯಿಯು ನಮ್ಮ ಕಟ್ಟೆಗೆ ಬಂದು ಕುಳಿತು ಹೇಳಿದರು:

“ಮಾಸ್ತರ್ರೀ, ರಾತ್ರಿ ಯಾರೋ ಫೋನ್ ಮಾಡಿದ್ರು. ‘ನಿಂಬಿ ವ್ಯಾಪಾರಿ ಹೆಂಡತಿ ಅಲ್ಲೇನ್ರಿ, ಒಬ್ಬರೇ ಇರ್ತೀರಿ ಅಲ್ಲೇನ್ರಿ’ ಅಂದ್ರು. ಮನಿಯವರ ವಿಮಾದ ರೊಕ್ಕ ಬಂದೈತಿ, ಮೊಬೈಲಿಗೆ ಬಂದ ನಂಬರ್ ಹೇಳ್ರಿ ಅಂದ್ರು. ನಾ ಹೇಳಲಿಲ್ಲ. ಆದ್ರ ನಾ ಒಬ್ಬಾಕೀನೇ ಇರೋದು ಅವರಿಗೆ ಹ್ಯಾಂಗ ಗೊತ್ತಾತ್ರೀ?”

ಹಣವು ಹೋಗಲಿಲ್ಲವೆಂಬುದು ದೈವಕೃಪೆ. ಆದರೆ ನಿದ್ರೆಯು ಹೋಗಿತ್ತು. ಅಂದಿನಿಂದ ಎಷ್ಟೋ ದಿನ ಅವರು ರಾತ್ರಿಯೆಲ್ಲ ದೀಪವನ್ನು ಆರಿಸದೆ ಮಲಗಿದರು.

ನನ್ನ ಹಳೆಯ ಶಿಷ್ಯನೊಬ್ಬನು ಅವರ ಸಂಖ್ಯೆಯನ್ನು ಅಂತರ್ಜಾಲದ ಒಂದು ದೂರವಾಣಿ ಪಟ್ಟಿಯಲ್ಲಿ ಹುಡುಕಿ ನನಗೆ ತೋರಿಸಿದನು. ಆ ಪಟ್ಟಿಯ ಹೆಸರು ಇಲ್ಲಿ ಬೇಡ. “ನಿಂಬೆ ವ್ಯಾಪಾರಿಯ ಪತ್ನಿ, ಒಬ್ಬರೇ” ಎಂದು ಅಲ್ಲಿ ಬರೆದಿತ್ತು. ಅದನ್ನು ಓದಿ ನಾನು ಬೆವತೆನು. ಆ ಅಕ್ಷರಗಳು ನನ್ನವೇ! ಆಗಾಗ ಅವರ ಯೋಗಕ್ಷೇಮವನ್ನು ವಿಚಾರಿಸಬೇಕೆಂಬ ನೆನಪಿಗಾಗಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಷರಾ ಬರೆಯುತ್ತಿದ್ದ ರೂಢಿಯಂತೆ, ನನ್ನ ಮೊಬೈಲಿನಲ್ಲಿ ಹಾಗೆ ಬರೆದಿಟ್ಟಿದ್ದೆನು. ಮುಂದೊಂದು ದಿನ, ಕರೆದವರಾರೆಂದು ತಿಳಿಯುವ ಕುತೂಹಲದಿಂದ ಆ ಪಟ್ಟಿಯ ಆ್ಯಪನ್ನು ಹಾಕಿಕೊಂಡೆನು. “ನಿಮ್ಮಲ್ಲಿರುವ ಹೆಸರುಗಳನ್ನು ನೋಡಲು ಅನುಮತಿ ಇದೆಯೆ?” ಎಂದು ಅದು ಕೇಳಿತು, ಓದದೆಯೇ ಒಪ್ಪಿಗೆಯನ್ನು ಒತ್ತಿದೆನು. ಓದಿ ಸಹಿ ಮಾಡಿರೆಂದು ಮೂವತ್ತು ವರುಷ ಮಕ್ಕಳಿಗೆ ಬೋಧಿಸಿದವನು ನಾನು.

ಹಳೆಯ ದೂರವಾಣಿ ಡೈರೆಕ್ಟರಿಯನ್ನು ವಾಚಕರಲ್ಲಿ ಅನೇಕರು ಕಂಡಿರುವರು. ಅದರಲ್ಲಿಯೂ ಹೆಸರು, ವಿಳಾಸ, ಸಂಖ್ಯೆಗಳು ಅಚ್ಚಾಗುತ್ತಿದ್ದವು; ಆಗ ಇಲ್ಲದ ಭಯವು ಈಗೇಕೆ? ಭೇದವಿಷ್ಟೆ: ಆ ಪುಸ್ತಕವು ಹೆಸರಿನ ಅಕಾರಾದಿಯಾಗಿತ್ತು. ಹೆಸರನ್ನು ಬಲ್ಲವನಿಗೆ ಮಾತ್ರ ಸಂಖ್ಯೆಯು ದೊರೆಯುತ್ತಿತ್ತು. ಈಗಿನ ಪಟ್ಟಿಗಳು ತಲೆಕೆಳಗಾದ ಡೈರೆಕ್ಟರಿಗಳು. ಸಂಖ್ಯೆಯೊಂದಿದ್ದರೆ ಸಾಕು, ಹೆಸರು ದೊರೆಯುವದು. ಅಲ್ಲದೆ ಅಂದು ನಮ್ಮ ಹೆಸರನ್ನು ನಾವೇ ಅರ್ಜಿಯಲ್ಲಿ ಬರೆದು ಕೊಡುತ್ತಿದ್ದೆವು. ಇಂದು ಅನ್ಯರು ನಮ್ಮನ್ನು ಏನೆಂದು ಬರೆದಿಟ್ಟುಕೊಂಡಿದ್ದಾರೆಯೋ ಅದೇ ನಮ್ಮ ಹೆಸರಾಗಿ ಪ್ರಕಟವಾಗುವ ಸಂಭವವುಂಟು.

ಇನ್ನು ಪರಿಹಾರ. ಇಂಥ ಪಟ್ಟಿಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಿತವಾದುದು ಟ್ರೂಕಾಲರ್. ೨೦೦೯ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಸಂಸ್ಥೆಯಿದು. ನನ್ನ ಕಥೆಯ ಪಟ್ಟಿಯು ಬೇರೆಯದಾದರೂ ಉದಾಹರಣೆಗೆ ಇದರ ವಿಧಾನವನ್ನು ಹೇಳುತ್ತೇನೆ. ಆ ಆ್ಯಪಿನಲ್ಲಿ ನಿಮ್ಮ ಖಾತೆಯಿದ್ದರೆ ಮೊದಲು ಅದರ ಸೆಟ್ಟಿಂಗ್ಸಿನೊಳಗೆ ಹೋಗಿ ಖಾತೆಯನ್ನು ರದ್ದುಪಡಿಸಬೇಕು. ಬರಿಯ ಆ್ಯಪನ್ನು ತೆಗೆದೊಗೆದರೆ ಖಾತೆಯು ಹೋಗುವದಿಲ್ಲ. ಈ ಭ್ರಾಂತಿಯು ಬಹುಜನರಲ್ಲಿದೆ. ಅನಂತರ ಆ ಸಂಸ್ಥೆಯ ಜಾಲತಾಣದಲ್ಲಿ ‘ಅನ್‌ಲಿಸ್ಟ್’ ಎಂಬ ಪುಟವನ್ನು ತೆರೆದು, ನಮ್ಮ ದೇಶದ ಸಂಕೇತವಾದ +೯೧ನ್ನು ಮುಂದಿಟ್ಟು ಸಂಖ್ಯೆಯನ್ನು ಬರೆದು ಗುಂಡಿಯನ್ನೊತ್ತಬೇಕು. ಸಾಮಾನ್ಯವಾಗಿ ೨೪ ಗಂಟೆಗಳಲ್ಲಿ ಹೆಸರು ಅಳಿಯುವದೆಂದು ಸಂಸ್ಥೆಯು ಹೇಳುತ್ತದೆ. ಎರಡು ದಿನ ಬಿಟ್ಟು ಬೇರೊಬ್ಬರ ಮೊಬೈಲಿನಿಂದ ಹುಡುಕಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಅದೇ ಸಂಖ್ಯೆಯಿಂದ ಮತ್ತೆ ಖಾತೆಯನ್ನು ತೆರೆದರೆ ಹೆಸರೂ ಮತ್ತೆ ಬರುವದು. ಇತರ ಪಟ್ಟಿಗಳ ವಿಷಯದಲ್ಲಿಯೂ ಕ್ರಮವು ಬಹುಮಟ್ಟಿಗೆ ಹೀಗೆಯೇ. ಆದರೆ ಒಂದರಲ್ಲಿ ಅಳಿಸಿದ ಮಾತ್ರಕ್ಕೆ ಇನ್ನೊಂದರಲ್ಲಿ ಅಳಿಯುವದಿಲ್ಲ. ಪ್ರತಿಯೊಂದು ಬಾಗಿಲನ್ನೂ ಬೇರೆಬೇರೆಯಾಗಿ ತಟ್ಟಬೇಕು.

ಇದರ ಮಿತಿಗಳನ್ನೂ ಅರಿತಿರಬೇಕು. ೧೯೦೯ಕ್ಕೆ ತಿಳಿಸಿ ವ್ಯಾಪಾರದ ಕರೆಗಳನ್ನು ನಿಲ್ಲಿಸಬಹುದು. ಅದರಿಂದ ಪಟ್ಟಿಯಲ್ಲಿಯ ಹೆಸರು ಅಳಿಯುವದಿಲ್ಲ. ಫೋನ್‌ಪೇ, ಗೂಗಲ್‌ಪೇಗಳಲ್ಲಿ ಸಂಖ್ಯೆಯನ್ನು ಹಾಕಿದಾಗ ಬ್ಯಾಂಕಿನ ಖಾತೆಯಲ್ಲಿರುವ ಹೆಸರು ಕಾಣಿಸುವದು. ಅದಕ್ಕೂ ಈ ಪಟ್ಟಿಗಳಿಗೂ ಸಂಬಂಧವಿಲ್ಲ. ವಾಟ್ಸಾಪಿನ ಭಾವಚಿತ್ರವನ್ನು ಮಾತ್ರ ಪರಿಚಿತರಿಗಷ್ಟೇ ಕಾಣುವಂತೆ ಮಾಡಿಕೊಳ್ಳಬಹುದು. ವಂಚನೆಯಿಂದ ಹಣವೇ ಹೋದಲ್ಲಿ ತಡಮಾಡದೆ ೧೯೩೦ಕ್ಕೆ ಕರೆಮಾಡತಕ್ಕದ್ದು.

ನಮ್ಮ ಹೆಸರಿನ ಮೇಲೆ ನಮಗೇ ಅಧಿಕಾರವೆಂಬುದನ್ನು ಸ್ಥಾಪಿಸಲು ಹೋರಾಡಿದವರು ನಮ್ಮ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ಜನ ನ್ಯಾಯಮೂರ್ತಿಗಳು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ದಿವಂಗತರಾದರು. ಅವರ ಹೆಸರು ಆ ತೀರ್ಪಿನಲ್ಲಿ ಉಳಿದಿದೆ.

ತರುವಾಯ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯದೆಯಾಯಿತು. ೨೦೨೫ರ ನವೆಂಬರದಲ್ಲಿ ಅದರ ನಿಯಮಗಳು ಪ್ರಕಟವಾದವು. ನಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಆ ಕಾಯದೆಯಲ್ಲಿದೆ. ಆ ಭಾಗವು ಜಾರಿಗೆ ಬರಲು ನಿಯಮಗಳ ಪ್ರಕಟಣೆಯಿಂದ ೧೮ ತಿಂಗಳ ಅವಧಿಯನ್ನಿಟ್ಟಿದ್ದಾರೆ. ಆದರೆ ಅದೇ ಕಾಯದೆಯಲ್ಲಿ ಇನ್ನೊಂದು ಮಾತಿದೆ: ಗೃಹಸ್ಥನು ತನ್ನ ಮನೆಯ ಉಪಯೋಗಕ್ಕಾಗಿ ಇಟ್ಟುಕೊಂಡ ಮಾಹಿತಿಗೆ ಕಾಯದೆಯು ಅನ್ವಯಿಸುವದಿಲ್ಲ. ಅದು ಯೋಗ್ಯವೇ; ಪ್ರತಿಯೊಬ್ಬರ ಮೊಬೈಲಿನೊಳಗೆ ಸರಕಾರವು ಇಣುಕುವದು ಬೇಡ. ಆದರೆ ನನ್ನ ತಪ್ಪು ಹುಟ್ಟಿದ್ದು ಅಲ್ಲಿಯೇ ಅಲ್ಲವೆ? ಕಾಯದೆಯು ಕಾಲಿಡದ ಆ ಸ್ಥಳವನ್ನು ಧರ್ಮವೇ ಕಾಯಬೇಕು.

ಈ ಧರ್ಮವು ಹೊಸದೇನಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಉಪನಿಧಿ’ ಎಂಬ ಪ್ರಕರಣವೊಂದುಂಟು. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಒಬ್ಬರು ನಮ್ಮ ಕೈಗೆ ಒಪ್ಪಿಸಿದ ವಸ್ತುವನ್ನು ಇದ್ದಂತೆಯೇ ಹಿಂದಿರುಗಿಸಬೇಕು. ಸ್ವೇಚ್ಛೆಯಿಂದ ಅದನ್ನು ಉಪಯೋಗಿಸಿದವನು ದಂಡಕ್ಕೆ ಪಾತ್ರನು, ವೃದ್ಧಿಸಹಿತವಾಗಿ ಅದನ್ನು ಸಲ್ಲಿಸತಕ್ಕವನು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಈ ಪ್ರಕರಣವನ್ನು ನಾನು ಎಷ್ಟು ಸಲ ಓದಿರುವೆನೋ! ನಿಕ್ಷೇಪವೆಂದರೆ ಚಿನ್ನ, ಬೆಳ್ಳಿ, ಬಟ್ಟೆಗಳೆಂದೇ ತಿಳಿದಿದ್ದೆನು. ಒಬ್ಬ ತಾಯಿಯು ನಂಬಿ ಕೊಟ್ಟ ಹತ್ತು ಅಂಕೆಗಳು ಕೂಡ ನಿಕ್ಷೇಪವೆಂದು ಆಗ ತಿಳಿಯಲಿಲ್ಲ.

ಆದುದರಿಂದ ಮಹನೀಯರೆ, ಈ ಸಂಜೆ ಎರಡು ಕೆಲಸಗಳನ್ನು ಮಾಡಿರಿ. ಮೊದಲನೆಯದು, ನಿಮ್ಮ ಮತ್ತು ಮನೆಯ ಹಿರಿಯರ ಸಂಖ್ಯೆಗಳನ್ನು ಪಟ್ಟಿಗಳಿಂದ ತೆಗೆಸಿರಿ. ಎರಡನೆಯದು, ನಿಮ್ಮ ಮೊಬೈಲಿನಲ್ಲಿ ಪರರ ಹೆಸರುಗಳ ಮುಂದೆ ಬರೆದ ರೋಗ, ಸಾಲ, ಜಾತಿ, ಒಂಟಿತನಗಳ ಷರಾಗಳನ್ನು ಅಳಿಸಿರಿ. ಹೆಸರುಗಳನ್ನು ನೋಡುವ ಅನುಮತಿಯನ್ನು ಯಾವ ಯಾವ ಆ್ಯಪುಗಳಿಗೆ ಕೊಟ್ಟಿರುವಿರೆಂದು ಸೆಟ್ಟಿಂಗ್ಸಿನಲ್ಲಿ ನೋಡಿ, ಅನವಶ್ಯಕವಾದವುಗಳನ್ನು ಹಿಂದೆಗೆದುಕೊಳ್ಳಿರಿ. ಮೊದಲನೆಯ ಕೆಲಸದಿಂದ ನಿಮಗೆ ಹಿತ. ಎರಡನೆಯದರಿಂದ ನಿಮ್ಮನ್ನು ನಂಬಿದವರಿಗೆ ಹಿತ.

ಆ ತಾಯಿಯ ಹೆಸರನ್ನು ಪಟ್ಟಿಯಿಂದ ತೆಗೆಸಿದೆವು. ಮೂರನೆಯ ದಿನ ಹುಡುಕಿದಾಗ ಬರಿಯ ಸಂಖ್ಯೆಯೇ ಉಳಿದಿತ್ತು. ಆಗ ಅವರ ಮನೆಗೆ ಹೋಗಿ, ಆ ಷರಾವನ್ನು ಬರೆದವನು ನಾನೇ ಎಂದು ಒಪ್ಪಿಕೊಂಡೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಳಜೀಲೇ ಬರದಿದ್ರಿ ಬಿಡ್ರಿ, ಮಾಸ್ತರ್ರೀ. ಈಗ ಏನಂತ ಬರದೀರಿ?” ಎಂದು ಕೇಳಿದರು.

ನಾನು ಮೊಬೈಲನ್ನು ತೋರಿಸಿದೆನು. ಅಲ್ಲಿ ಅವರ ಹೆಸರು ಮಾತ್ರವಿತ್ತು.

“ಇಷ್ಟ ಸಾಕ್ರಿ” ಎಂದರು.