ಗಾಜಿನ ಪೆಟ್ಟಿಗೆಯ ನೆಲ ಯಾರಿಗೆ ಸುರಕ್ಷಿತ?

ಮರಗಪ್ಪೆಯು ಮರದ ಮೇಲೆ ಬದುಕುವ ಪ್ರಾಣಿ, ಆದ್ದರಿಂದ ಅದನ್ನು ಸಾಕುವ ಪೆಟ್ಟಿಗೆಯ ನೆಲಕ್ಕೆ ಏನನ್ನು ಹಾಸಿದರೂ ನಡೆಯುತ್ತದೆ ಎಂಬುದು ಸಾಕುಪ್ರಾಣಿ ವ್ಯಾಪಾರಿಗಳ ಒಂದು ವಾದ. ನೆಲಕ್ಕೆ ಬಣ್ಣದ ಹರಳು, ಹಸಿರು ಪಾಚಿ, ತೊಗಟೆಯ ಚೂರು, ಕಾಡಿನ ಮಣ್ಣು ಇವೆಲ್ಲ ಇಲ್ಲದಿದ್ದರೆ ಪೆಟ್ಟಿಗೆಗೆ 'ನೈಸರ್ಗಿಕ' ಕಳೆ ಬಾರದು ಎಂಬುದು ಇನ್ನೊಂದು ವಾದ. ಪರಸ್ಪರ ವಿರುದ್ಧವಾದ ಈ ಎರಡು ಮಾತುಗಳು ಒಂದೇ ಅಂಗಡಿಯಲ್ಲಿ, ಒಮ್ಮೊಮ್ಮೆ ಒಂದೇ ಬಾಯಿಂದ ಕೇಳಿಬರುತ್ತವೆ. ಕಪ್ಪೆಯ ಶರೀರ ಹೇಗೆ ಕೆಲಸ ಮಾಡುತ್ತದೆ ಎಂಬ ವಿಚಾರ ಮಾತ್ರ ಎರಡರಲ್ಲಿಯೂ ಇಲ್ಲ.

ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ವೈಟ್ಸ್ ಮರಗಪ್ಪೆಯಾಗಲಿ, ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆಯಾಗಲಿ, ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಹಾಗೂ ತೊಡೆಯ ತೆಳು ಚರ್ಮದ ಮೂಲಕ ತೇವವನ್ನು ಹೀರಿಕೊಳ್ಳುತ್ತವೆ. ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ ನಡೆಯುತ್ತದೆ. ಹಗಲೆಲ್ಲ ಎಲೆಗೆ ಅಂಟಿಕೊಂಡಿದ್ದ ಪ್ರಾಣಿ ರಾತ್ರಿ ಬೇಟೆಗೆಂದು, ನೀರಿಗೆಂದು ನೆಲಕ್ಕಿಳಿಯುತ್ತದೆ. ಆಗ ಹಾಸಿನಲ್ಲಿ ಕರಗಿರುವ ಉಪ್ಪು, ಗೊಬ್ಬರ, ಅಮೋನಿಯಾ, ಕ್ಲೋರಿನ್ ಎಲ್ಲವೂ ಅದರ ಮೈಗೆ ನೇರವಾಗಿ ಸೇರುವ ಸಂಭವವಿದೆ. ನಾಯಿ, ಬೆಕ್ಕುಗಳ ವಿಷಯದಲ್ಲಿ ಹಾಸಿಗೆ ಎಂದರೆ ಹಾಸಿಗೆ ಮಾತ್ರ. ಕಪ್ಪೆಗಾದರೋ ಅದು ಅರ್ಧ ಆಹಾರವಿದ್ದಂತೆ.

ಹರಳುಕಲ್ಲಿನ ಮಾತನ್ನು ಬೇಗ ಮುಗಿಸಬಹುದು. ಕಪ್ಪೆ ಹುಳುವಿನ ಮೇಲೆರಗಿ ಅಂಟು ನಾಲಗೆಯನ್ನು ಚಾಚಿದಾಗ ಹುಳುವಿನೊಡನೆ ಹರಳೂ ಒಳಹೋಗುತ್ತದೆ. ಅದು ಕರುಳಿನಲ್ಲಿ ಸಿಕ್ಕಿಕೊಂಡರೆ ಸಾವು. ತೊಗಟೆಯ ಸಣ್ಣ ಚೂರುಗಳದ್ದೂ ಇದೇ ಕತೆ. ದೇವದಾರು, ಪೈನ್ ಮರಗಳ ಹೊಟ್ಟಿನಲ್ಲಿ ಸುಗಂಧ ತೈಲಾಂಶವಿರುತ್ತದೆ, ಅದು ಮನುಷ್ಯನ ಮೂಗಿಗೆ ಹಿತ, ಕಪ್ಪೆಯ ಚರ್ಮಕ್ಕೆ ಅಹಿತ. ಹೂಕುಂಡಕ್ಕೆಂದು ಮಾರುವ ಸಿದ್ಧ ಮಣ್ಣಿನ ಮಿಶ್ರಣದಲ್ಲಿ ಪರ್ಲೈಟ್ ಕಾಳು, ನಿಧಾನವಾಗಿ ಕರಗುವ ಗೊಬ್ಬರದ ಗುಂಡು, ಬೇವಿನ ಹಿಂಡಿ ಏನು ಬೇಕಾದರೂ ಇರಬಹುದು. ಅದು ಗಿಡಕ್ಕಾಗಿ ಮಾಡಿದ್ದು, ಗಿಡಕ್ಕೇ ಇರಲಿ.

ಹೆಚ್ಚಿನ ವಿಚಾರ ಬೇಡುವುದು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪಿಟ್. ಜಗತ್ತಿನ ಕಪ್ಪೆಪೆಟ್ಟಿಗೆಗಳಲ್ಲಿ ಬಹಳಷ್ಟು ಇಂದು ಇದರ ಮೇಲೆ ನಿಂತಿವೆ, ಮತ್ತು ಈ ಪುಡಿಯ ದೊಡ್ಡ ಪಾಲು ಹೋಗುವುದು ಭಾರತ ಮತ್ತು ಶ್ರೀಲಂಕೆಯಿಂದ. ನೀರು ಹಿಡಿಯುವ ಗುಣ, ಮೃದುತ್ವ, ಬೇಗ ಕೊಳೆಯದಿರುವಿಕೆ ಇವೆಲ್ಲ ಇದರಲ್ಲಿ ನಿಜವಾಗಿಯೂ ಇವೆ. ತಣ್ಣನೆಯ ದೇಶಗಳ ಜೌಗುನೆಲವನ್ನು ಅಗೆದು ತೆಗೆಯುವ ಪೀಟ್‌ಗಿಂತ ಇದು ಸಾವಿರ ಪಾಲು ಮೇಲು. ಭೂಭಾಗದ ಶೇಕಡಾ 3ರಷ್ಟೇ ಇರುವ ಆ ಜೌಗುಗಳು ಮಣ್ಣಿನ ಇಂಗಾಲದ ಸುಮಾರು ಮೂರನೇ ಒಂದು ಪಾಲನ್ನು ಹಿಡಿದಿಟ್ಟಿವೆ. ಕಪ್ಪೆ ಸಾಕುವ ಶೋಕಿಗೆ ಅವುಗಳನ್ನು ಅಗೆಯುವುದು ಸಲ್ಲದು. ಆದರೆ 'ತೆಂಗಿನದು, ಆದ್ದರಿಂದ ಶುದ್ಧ' ಎಂಬ ನಂಬಿಕೆ ಸರಿಯಲ್ಲ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಲ್ಲಿ ಸೋಡಿಯಂ ಹೇರಳವಾಗಿರುತ್ತದೆ. ಉಪ್ಪುನೀರನ್ನೇ ಕಾಣದ ತಿಪಟೂರು, ಅರಸೀಕೆರೆ ಕಡೆಯ ಸಿಪ್ಪೆಯಲ್ಲಿಯೂ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಸಹಜವಾಗಿಯೇ ಇರುತ್ತವೆ. ನರ್ಸರಿಯವರಿಗೆ ಇದು ಗೊತ್ತು. ಆದ್ದರಿಂದಲೇ ಅವರು ಪ್ರತಿ ಸೆಂಟಿಮೀಟರಿಗೆ 0.5 ಮಿಲಿಸೀಮೆನ್ಸ್‌ಗಿಂತ ಕಡಿಮೆ ಇ.ಸಿ. ಇರುವ, ತೊಳೆದ ದರ್ಜೆಯ ಪುಡಿಯನ್ನು ಕೇಳಿ ಪಡೆಯುತ್ತಾರೆ. ಅದೇ ನರ್ಸರಿಯ ಪುಡಿಯನ್ನು ಕೆಲವೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಸಂಸ್ಕರಿಸಿರುತ್ತಾರೆ. ಸಸಿಗೆ ಅದು ವರ, ಕಪ್ಪೆಗೆ ನೈಟ್ರೇಟ್‌ನ ಸ್ನಾನ. ಗೊಬ್ಬರ, ಟ್ರೈಕೋಡರ್ಮಾ ಏನೂ ಬೆರೆಸದ ಇಟ್ಟಿಗೆಯನ್ನು ಕೊಂಡು, ತಿಳಿನೀರಿನಲ್ಲಿ ಮೂರು ನಾಲ್ಕು ಬಾರಿ ನೆನೆಸಿ ಹಿಂಡಿದ ಮೇಲೆಯೇ ಬಳಸಬೇಕು. ನಗರದ ನಲ್ಲಿನೀರಾದರೆ ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ; ಕ್ಲೋರಮಿನ್ ಹಾಕಿದ ನೀರಿಗೆ ಈ ಉಪಾಯ ಸಾಲದು, ಔಷಧ ಹಾಕಿಯೇ ಅದನ್ನು ತೆಗೆಯಬೇಕು.

ಹೊಸದಾಗಿ ತಂದ ಅಥವಾ ಕಾಯಿಲೆಬಿದ್ದ ಕಪ್ಪೆಗೆ ಇದೂ ಬೇಡ. ಬಣ್ಣ, ಪರಿಮಳವಿಲ್ಲದ ಸಾದಾ ಹೀರುಕಾಗದವನ್ನು ಒದ್ದೆಮಾಡಿ ಹಾಸಿ ದಿನವೂ ಬದಲಿಸಿದರೆ ಹಿಕ್ಕೆ ಕಾಣುತ್ತದೆ, ರೋಗ ಕಾಣುತ್ತದೆ, ಅಮೋನಿಯಾ ಕೂಡಿಕೊಳ್ಳುವುದಿಲ್ಲ, ನುಂಗಲು ಏನೂ ಸಿಗುವುದಿಲ್ಲ. ಇದು ನೋಡಲು ಚೆನ್ನಾಗಿಲ್ಲ ಎಂದು ಅಂಗಡಿಯವರು ಮೂಗುಮುರಿಯುತ್ತಾರೆ. ಕಾಗದದಿಂದ ಲಾಭವೂ ಇಲ್ಲವಲ್ಲ!

ಮಲೆನಾಡಿಗೆ ನೇರವಾಗಿ ಸಂಬಂಧಿಸಿದ್ದು ಮುಂದಿನ ಮಾತು. 'ಜೀವಂತ ನೆಲ' ಎಂಬ ಹೊಸ ಫ್ಯಾಷನ್ನಿನಲ್ಲಿ ಪೆಟ್ಟಿಗೆಯೊಳಗೆ ತರಗೆಲೆ, ಪಾಚಿ, ಐಸೊಪಾಡ್, ಸ್ಪ್ರಿಂಗ್‌ಟೇಲ್‌ಗಳನ್ನು ಬಿಟ್ಟು ಹಿಕ್ಕೆಯನ್ನು ಅವುಗಳಿಂದಲೇ ಕರಗಿಸುತ್ತಾರೆ. ತತ್ತ್ವ ತಪ್ಪಲ್ಲ, ಗೊಬ್ಬರಗುಂಡಿಯನ್ನು ಬಲ್ಲ ಯಾವ ರೈತನೂ ಅದನ್ನು ಅಲ್ಲಗಳೆಯಲಾರ. ತಪ್ಪಿರುವುದು ವಾರಾಂತ್ಯದ ಪ್ರವಾಸದಲ್ಲಿ ಘಟ್ಟಕ್ಕೆ ಬಂದು ಒಂದು ಚೀಲ ದರಗು, ಒಂದು ಬೊಗಸೆ ಪಾಚಿ ಕೊಂಡೊಯ್ಯಿರಿ ಎಂಬ ಸಲಹೆಯಲ್ಲಿ. ಆ ದರಗು ಯಾರದು? ಪಶ್ಚಿಮಘಟ್ಟದ ಪೊದೆಗಪ್ಪೆಗಳಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ತೇವದ ಎಲೆ, ಮಣ್ಣು, ದರಗಿನ ನಡುವೆ ಇಟ್ಟ ಮೊಟ್ಟೆಯೊಳಗೇ ಮರಿ ಪೂರ್ತಿ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತದೆ. ಪರದೇಶದ ಒಂದು ಕಪ್ಪೆಗೆ ಹಾಸಿಗೆ ಹಾಸಲು ಊರಿನ ಕಪ್ಪೆಯ ತೊಟ್ಟಿಲನ್ನು ಬಾಚಿಕೊಂಡು ಹೋಗುವುದಕ್ಕೆ ಪ್ರಕೃತಿಪ್ರೇಮ ಎಂದು ಹೆಸರಿಡುವುದು ಹೇಗೆ? ಕಾನೂನಿನ ಕಣ್ಣಿನಲ್ಲಿಯೂ ಕಾಡಿನ ಎಲೆ ಅರಣ್ಯೋತ್ಪನ್ನವೇ. ಉತ್ತರಕನ್ನಡದ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತಿದೆ ಎಂದರೆ ಅದು ಅಡಿಕೆ ಮರದ ಬುಡಕ್ಕೆ, ಬೆಂಗಳೂರಿನ ಗಾಜಿಗಲ್ಲ.

ಕಾಡು ಬೇಡ, ತೋಟದ ದರಗು ಆದೀತೇ? ಕೊಳೆರೋಗಕ್ಕೆಂದು ಮಳೆಗಾಲದ ಮುನ್ನ ಒಮ್ಮೆ, ನಡುವೆ ಇನ್ನೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುವ ತೋಟದಲ್ಲಿ ಎಲೆಯ ಮೇಲೂ ಮಣ್ಣಿನಲ್ಲೂ ತಾಮ್ರವಿರುತ್ತದೆ. ಕಪ್ಪೆಯ ಮರಿಗಳಿಗೆ ತಾಮ್ರ ವಿಷ. ಕಳೆನಾಶಕ ಸಿಂಪಡಿಸುವ ತೋಟವಾದರೆ ಕೇಳುವುದೇ ಬೇಡ. (ಗಾಜಿನ ಪೆಟ್ಟಿಗೆಯ ಕಪ್ಪೆಗೆ ಇಷ್ಟು ಜಾಗ್ರತೆ ವಹಿಸಬೇಕಾದ ನೆಲದಲ್ಲಿಯೇ ತೋಟದ ಬಚ್ಚಲಕಾಲುವೆಯ ಕಪ್ಪೆ ಬದುಕುತ್ತಿದೆ ಎಂಬುದನ್ನು ತೋಟಿಗರೂ ಒಮ್ಮೆ ಯೋಚಿಸಬಹುದು.) ದರಗನ್ನು ಒಲೆಯಲ್ಲಿ ಬಿಸಿಮಾಡಿ ಶುದ್ಧಗೊಳಿಸಬಹುದೆಂಬ ಉಪಾಯ ಹುಳು, ರೋಗಾಣುಗಳನ್ನು ಕೊಲ್ಲುತ್ತದೆ, ತಾಮ್ರವನ್ನು ತೆಗೆಯುವುದಿಲ್ಲ. ಮದ್ದು ಕಾಣದ ಮನೆಯಂಗಳದ ಹಲಸು, ಮಾವಿನ ಒಣ ಎಲೆ ಸಿಕ್ಕರೆ ಕುದಿಸಿ ಬಳಸಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಪರಿಸರ ಚಳವಳಿಯ ಕೆಲವು ಗೆಳೆಯರ ಆಕ್ಷೇಪ ಬೇರೆ: ಕಪ್ಪೆ ಸಾಕುವುದೇ ತಪ್ಪು, ಹಾಸಿನ ಚರ್ಚೆ ಏಕೆ? ಮಲೆನಾಡಿನ ಕಪ್ಪೆಯನ್ನು ಹಿಡಿದು ಸಾಕುವ ಮಟ್ಟಿಗೆ ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಬೇಕು, ಅಂಥ ಕಪ್ಪೆಗೆ ಸುರಕ್ಷಿತ ಹಾಸೆಂಬುದು ಯಾವ ಅಂಗಡಿಯಲ್ಲಿಯೂ ಇಲ್ಲ. ಕೆಂಗಣ್ಣಿನ ಮರಗಪ್ಪೆಯ ಕುಲ 2010ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಆದರೆ ಈಗಾಗಲೇ ಪೆಟ್ಟಿಗೆಯಲ್ಲಿರುವ ಕಪ್ಪೆ ಈ ವಾದ ಮುಗಿಯುವವರೆಗೆ ಕಾಯಲಾರದು. ಅದನ್ನು ಕಾಡಿಗೆ ಬಿಟ್ಟುಬಿಡುವುದಂತೂ ಎಲ್ಲಕ್ಕಿಂತ ಕೆಟ್ಟ ದಾರಿ.

ಏಕೆಂದರೆ ಅಪಾಯವಿರುವುದು ಪೆಟ್ಟಿಗೆಯೊಳಗೆ ಹೋಗುವ ಹಾಸಿನಲ್ಲಿ ಮಾತ್ರವಲ್ಲ, ಹೊರಬರುವ ಹಾಸಿನಲ್ಲಿಯೂ. ಕಪ್ಪೆಗಳ ಚರ್ಮವನ್ನು ತಿನ್ನುವ ಕೈಟ್ರಿಡ್ ಶಿಲೀಂಧ್ರದಿಂದ 501 ಉಭಯವಾಸಿ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಅಳಿದಿರಬೇಕೆಂದು 2019ರ ಜಾಗತಿಕ ಅಧ್ಯಯನ ಹೇಳಿತು. ಅದರ ಹಿಂದಿನ ವರ್ಷದ ಸಂಶೋಧನೆ ಇದರ ಮೂಲವನ್ನು ಪೂರ್ವ ಏಷ್ಯಾಕ್ಕೂ, ಹರಡುವಿಕೆಯನ್ನು ಕಪ್ಪೆಗಳ ವ್ಯಾಪಾರಕ್ಕೂ ಜೋಡಿಸಿತು. ಪಶ್ಚಿಮಘಟ್ಟದಲ್ಲಿ ಈ ಶಿಲೀಂಧ್ರ ಇರುವುದು 2011ರಲ್ಲಿ ವರದಿಯಾಗಿದೆ. ಹೇಗೂ ಬಂದಾಯಿತಲ್ಲ ಎಂದು ಕೈಚೆಲ್ಲುವಂತಿಲ್ಲ: ಬೇರೆಬೇರೆ ಖಂಡಗಳ ತಳಿಗಳು ಒಂದೆಡೆ ಸೇರಿದಾಗ ಮಿಶ್ರತಳಿಗಳು ಹುಟ್ಟಿರುವುದೂ ದಾಖಲಾಗಿದೆ.

ಹಳೆಯ ನಾರಿನ ಪುಡಿಯನ್ನು ಗಿಡದ ಬುಡಕ್ಕೆ ಸುರಿಯುವುದು ಕೃಷಿಕ ಮನೆಯಲ್ಲಿ ಹುಟ್ಟಿದವರಿಗೆ ಮಿತವ್ಯಯವೆಂದೇ ತೋರುತ್ತದೆ. ಪೇಟೆಯ ಮಕ್ಕಳು ಮಳೆಗಾಲದ ರಜೆಗೆ ಪೆಟ್ಟಿಗೆಯೊಡನೆ ಊರಿಗೆ ಬಂದರೆ ಹಾಸು ಬದಲಿಸಿದ ದಿನ ಅದು ಬೀಳುವುದು ತೋಟದ ಗುಂಡಿಗೋ ಹಳ್ಳದ ದಂಡೆಗೋ. ಅಲ್ಲಿ ಬೇಡ. ಆ ಪುಡಿಯ ಮೇಲೆ ಕುದಿಯುವ ನೀರು ಸುರಿದು, ಪೂರ್ತಿ ಒಣಗಿಸಿ, ಚೀಲದಲ್ಲಿ ಕಟ್ಟಿ, ಬಂದ ಪೇಟೆಯ ಕಸಕ್ಕೇ ಹಿಂದೆ ಒಯ್ಯಬೇಕು. ಪೆಟ್ಟಿಗೆ ತೊಳೆದ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿ, ಹಳ್ಳಕ್ಕೆ ಸೇರದ ಒಣನೆಲದಲ್ಲಿ ಇಂಗಿಸಬೇಕು.